ಸೈಕಲ್ಲಿಗೆ ಉಳಿದದ್ದು 30 ಸೆಂಟಿಮೀಟರ್

ಕಳೆದ ನವೆಂಬರ್‌ನಲ್ಲಿ ಕೆಲವು ದಿನ ನಮ್ಮ ಭಾಗದ ರಸ್ತೆಗಳು ಸೈಕಲ್ ತುಳಿಯುವವರಿಗೆ ಹೇಳಿ ಮಾಡಿಸಿದಂತಿದ್ದವು. ಹಾಗೆ ಬರೆಯಲು ನಾಚಿಕೆಯೂ ಆಗುತ್ತದೆ. ರಸ್ತೆ ಖಾಲಿಯಾಗಿದ್ದು ಕಬ್ಬಿನ ಬೆಲೆಗಾಗಿ ರೈತರು ಹೋರಾಟಕ್ಕಿಳಿದು ಸಾಗಾಟ ನಿಂತಿದ್ದರಿಂದ. ಸರ್ಕಾರ ಟನ್ನಿಗೆ 3,300 ರೂಪಾಯಿ ಎಂದು ಹೇಳಿದ ಮೇಲೂ ಮುಧೋಳ ಭಾಗದ ರೈತರು ಒಪ್ಪಲಿಲ್ಲ. ಸಮೀರವಾಡಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ಹೊತ್ತಿ ಉರಿದವು. ಅದಕ್ಕೂ ಮುಂಚಿನ ವಾರ ಬನಹಟ್ಟಿಯ ನಮ್ಮ ಮನೆಯಿಂದ ನಾನು ಮತ್ತು ಇಬ್ಬರು ಗೆಳೆಯರು ನಸುಕಿನಲ್ಲೇ ಹೊರಟು ಜಮಖಂಡಿ, ಗಲಗಲಿ, ಬೀಳಗಿ, ಮುಧೋಳ ಸುತ್ತಿ, ಕತ್ತಲಾಗುವ ಮೊದಲು ಮರಳಿದ್ದೆವು. ನೂರು ಕಿ.ಮೀ. ದಾಟುವ ಸುತ್ತು ಅದು.

ಸೈಕಲ್ ಪ್ರವಾಸ ಎಂದರೆ ನಮ್ಮ ಕಾಲೇಜಿನಲ್ಲಿ ಎಲ್ಲರಿಗೂ ಮನಾಲಿ–ಲೇಹ್ ನೆನಪಾಗುತ್ತದೆ, ಇಲ್ಲವೇ ಗೋಕರ್ಣ, ಮುರ್ಡೇಶ್ವರದ ಕಡಲ ದಾರಿ. ಕಡಲು ನಮಗೂ ದೂರವಲ್ಲ. ಬೀಳಗಿ ತಾಲ್ಲೂಕನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 52 ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾದಲ್ಲೇ ಮುಗಿಯುತ್ತದೆ. ಎರಡನೇ ವರ್ಷದ ರಜೆಯಲ್ಲಿ ಮೂರು ದಿನ ತುಳಿದು ಅಲ್ಲಿಗೆ ಹೋಗಿ ಬಂದಿದ್ದೇವೆ. ಅಂಕೋಲಾ ಬಳಿಯ ಶಿರೂರಿನಲ್ಲಿ, 2024ರ ಜುಲೈ 16ರಂದು ಗುಡ್ಡ ಕುಸಿದ ಜಾಗದಲ್ಲಿ, ಸೈಕಲ್ ನಿಲ್ಲಿಸಿ ಸುಮ್ಮನೆ ನೋಡುತ್ತಾ ನಿಂತಿದ್ದೆವು. ಹೆದ್ದಾರಿ ಪಕ್ಕದ ಚಹಾದಂಗಡಿಯೇ ಮಣ್ಣಿನಡಿ ಹೋದ ಜಾಗ ಅದು. ದೂರದ ದಾರಿಯಲ್ಲಿ ಸೈಕಲ್ ಸವಾರ ನಿಲ್ಲುವುದೇ ಅಂಥ ಅಂಗಡಿಗಳಲ್ಲಿ.

ಆದರೆ ನಮ್ಮ ನಾಲ್ಕು ತಾಲ್ಲೂಕಿನ ಸುತ್ತು ಕಡಲ ದಾರಿಗೆ ಕಡಿಮೆಯೇನಲ್ಲ. ಜಮಖಂಡಿಯಿಂದ ಸ್ವಲ್ಪ ಬಳಸಿ ಹೋದರೆ ಚಿಕ್ಕಪಡಸಲಗಿ ಬ್ಯಾರೇಜ್ ಸಿಗುತ್ತದೆ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಕೂಡಿಸಿ, ಮೈ ಮುರಿದು ದುಡಿದು 1989ರಲ್ಲಿ ಮುಗಿಸಿದ ಅಣೆಕಟ್ಟು ಅದು. ಹೆಸರೇ ಶ್ರಮಬಿಂದು ಸಾಗರ. ಗಲಗಲಿ ದಾಟಿ ಬೀಳಗಿ ಕಡೆ ಹೊರಳಿದರೆ ಆಲಮಟ್ಟಿಯ ಹಿನ್ನೀರು. ಮಳೆಗಾಲ ಮುಗಿದ ಹೊಸದರಲ್ಲಿ ಕೊರ್ತಿ–ಕೊಲ್ಹಾರ ಸೇತುವೆ ಮೇಲೆ ನಿಂತರೆ ಎರಡೂ ಕಡೆ ನೀರೋ ನೀರು. ಬೀಳಗಿಯ ಅರೆತ್ತಿನ ಬಾವಿಯನ್ನು ನೋಡದೆ ಮುಂದೆ ಹೋಗಬಾರದು. ಬೀಳಗಿ, ಮುಧೋಳ ತಾಲ್ಲೂಕುಗಳ ನಡುವೆ ಯಡಹಳ್ಳಿ ಚಿಂಕಾರ ವನ್ಯಧಾಮವಿದೆ. ಅಲ್ಲಿ ಹಸಿರು ಒಮ್ಮೆಲೇ ಮುಗಿದು ಕುರುಚಲು ಗುಡ್ಡಗಳು ಶುರುವಾಗುತ್ತವೆ. ಚಿಂಕಾರ ನಮಗೆ ಕಾಣಲಿಲ್ಲ, ನವಿಲು ಕಂಡವು. ಆಮೇಲೆ ರನ್ನನ ಮುಧೋಳ, ಬೇಟೆ ನಾಯಿಯ ಮುಧೋಳ. ಕೊನೆಗೆ ಮಗ್ಗದ ಸದ್ದು ಕೇಳಿದರೆ ನಮ್ಮೂರು ಬಂತೆಂದು ಲೆಕ್ಕ.

ಸೈಕಲ್ ನಮ್ಮವರಿಗೆ ಹೊಸದೂ ಅಲ್ಲ. ಜಾತ್ರೆ ಬಂದರೆ ಎತ್ತಿನ ಗಾಡಿಯ ಶರ್ಯತ್ತಿನ ಜೊತೆ ಸೈಕಲ್ ಶರ್ಯತ್ತು ಇರಲೇಬೇಕು. ರಾಷ್ಟ್ರೀಯ ಸೈಕ್ಲಿಂಗ್ ಕೂಟಗಳಲ್ಲಿ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗ–ಹುಡುಗಿಯರು ಪದಕ ಗೆಲ್ಲುತ್ತ ಬಂದು ದಶಕಗಳಾದವು. ಹೆಚ್ಚಿನವರು ಸಣ್ಣ ರೈತರ, ಕೂಲಿಕಾರರ ಮಕ್ಕಳು. ಅವರ ಪಾಲಿಗೆ ಸೈಕಲ್ ಹವ್ಯಾಸವಲ್ಲ, ನೌಕರಿಯ ದಾರಿ. ಪದಕ ಬಂದರೆ ಕ್ರೀಡಾ ಕೋಟಾದಲ್ಲಿ ರೈಲ್ವೆಯೋ ಸೇನೆಯೋ ಕೈಹಿಡಿಯುತ್ತದೆ ಎಂಬ ಲೆಕ್ಕ. ಈ ಪುಟ ಓದುವ, ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ಗೆಳೆಯರಿಗೆ ಆ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಒಂದೇ: ನೀವು ಗ್ರಂಥಾಲಯದಲ್ಲಿ ಕೂತು ತಯಾರಿ ಮಾಡುತ್ತೀರಿ, ಅವರು ರಸ್ತೆಯ ಮೇಲೆ ಮಾಡುತ್ತಾರೆ. ವಿಜಯಪುರದ ವೆಲೊಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಎಳೆದದ್ದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಅದೇನೇ ಇರಲಿ, ರೋಡ್ ರೇಸ್‌ಗೆ ತಯಾರಾಗುವವನಿಗೆ ರಸ್ತೆಯೇ ಬೇಕು.

ಈಗ ಆ ರಸ್ತೆಯ ಮಾತು. ನಾನು ಸಿವಿಲ್ ವಿಭಾಗದ ವಿದ್ಯಾರ್ಥಿ, ಅಳತೆ ಹಿಡಿಯುವುದು ಅಭ್ಯಾಸವಾಗಿಬಿಟ್ಟಿದೆ. ನಮ್ಮ ಹಳ್ಳಿಗಳನ್ನು ಜೋಡಿಸುವ ಅನೇಕ ರಸ್ತೆಗಳ ಡಾಂಬರಿನ ಅಗಲ 5.5 ಮೀಟರ್. ಪುಸ್ತಕದಲ್ಲಿ ಇದಕ್ಕೆ ಮಧ್ಯಮ ಪಥ ಎನ್ನುತ್ತಾರೆ. ಒಂದು ಪಥಕ್ಕೆ ಹೆಚ್ಚು, ಎರಡು ಪಥಕ್ಕೆ ಕಡಿಮೆ. ಜನವರಿಯಲ್ಲಿ ಕಾರ್ಖಾನೆಯೊಂದರ ಹೊರಗೆ ಸರದಿಯಲ್ಲಿ ನಿಂತಿದ್ದ ಟ್ರೇಲರ್ ಒಂದನ್ನು ಟೇಪ್ ಹಿಡಿದು ಅಳೆದೆ. ಎರಡೂ ಬದಿ ಹೊರಚಾಚಿದ ಕಬ್ಬು ಸೇರಿ 2.6 ಮೀಟರ್. ಎದುರುಬದುರು ಎರಡು ಗಾಡಿ ಬಂದರೆ 5.2. ಉಳಿದದ್ದು 30 ಸೆಂಟಿಮೀಟರ್. ನನ್ನ ಸೈಕಲ್ಲಿನ ಹ್ಯಾಂಡಲ್ಲೇ 44 ಸೆಂಟಿಮೀಟರ್ ಇದೆ.

ಹಾಗಾದರೆ ಸೈಕಲ್ಲಿನವನು ಡಾಂಬರು ಬಿಟ್ಟು ಕೆಳಗಿಳಿಯಬೇಕು. ಎಲ್ಲಿಗೆ ಇಳಿಯುವುದು? ನಮ್ಮದು ಎರೆಭೂಮಿ. ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುವ ಮಣ್ಣು. ಅದರ ಮೇಲಿನ ಡಾಂಬರಿನ ಅಂಚು ಹೋಳು ಹೋಳಾಗಿ ಒಡೆಯುತ್ತದೆ, ಪಕ್ಕದ ಮಣ್ಣು ಕೊಚ್ಚಿಹೋಗಿ ಗೇಣುದ್ದ ತಗ್ಗು ಬೀಳುತ್ತದೆ. ತೆಳು ಟೈರಿನ ಸೈಕಲ್ ಆ ತಗ್ಗಿಗೆ ಜಾರಿದರೆ ಬೀಳುವುದು ಹೊಲದ ಕಡೆಗಲ್ಲ, ಗಾಲಿ ಸಿಕ್ಕಿಕೊಂಡು ರಸ್ತೆಯ ಕಡೆಗೇ. ಅಂಕೋಲಾದ ಹಾದಿಯಲ್ಲಿ ಬಿಳಿ ಗೆರೆಯ ಆಚೆ ಗಟ್ಟಿ ಅಂಚು ಇದ್ದಲ್ಲೆಲ್ಲ ಬೃಹತ್ ಲಾರಿಗಳು ಪಕ್ಕದಲ್ಲೇ ಹೋದರೂ ಇಷ್ಟು ಹೆದರಿಕೆ ಆಗಿರಲಿಲ್ಲ.

ಕತ್ತಲಲ್ಲಿ ಇನ್ನೂ ಕಷ್ಟ. ಟ್ರೇಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕೆಂದು ನಿಯಮವಿದೆ. ಹಂಗಾಮು ಶುರುವಾದಾಗ ಸ್ಟಿಕ್ಕರ್ ಅಂಟಿಸುವುದನ್ನೂ, ಅದರ ಫೋಟೊ ಪತ್ರಿಕೆಯಲ್ಲಿ ಬರುವುದನ್ನೂ ನೋಡಿದ್ದೇನೆ. ಅಂಟಿಸುವಾಗ ಟ್ರೇಲರ್ ಖಾಲಿ ಇರುತ್ತದೆ! ಕಬ್ಬು ತುಂಬಿದ ಮೇಲೆ ಸೋಗೆ ಹಿಂದಕ್ಕೆ ಇಳಿಬಿದ್ದು ಸ್ಟಿಕ್ಕರ್ ಮುಚ್ಚುತ್ತದೆ. ಕಟಾವಿನ ಕೂಲಿ, ಸಾಗಾಟದ ಬಾಡಿಗೆ ಎರಡೂ ಟನ್ನಿನ ಲೆಕ್ಕದಲ್ಲಿ ಇರುವಾಗ ಹೊರೆ ಏರುವುದು ಸಹಜ. ಚಾಲಕನನ್ನು ಬೈದು ಪ್ರಯೋಜನವಿಲ್ಲ. ಹಾಡಿನ ಸದ್ದು ಮಾತ್ರ ಸ್ವಲ್ಪ ತಗ್ಗಿಸಬಹುದು. ‘ತಮ್ಮಾ, ಕತ್ತಲಾಗ ನಮ್ಮ ಗಾಡಿ ನಿನಗ ಕಾಣಂಗಿಲ್ಲ, ನೀ ಬರೂದು ನನಗ ಕೇಳಂಗಿಲ್ಲ’ ಎಂದು ಒಬ್ಬ ಚಾಲಕನೇ ನನಗೆ ಹೇಳಿದ್ದ.

ಆತ ಹೇಳಿದ್ದು ಪರಿಚಯದ ಹುಡುಗನೊಬ್ಬನ ವಿಷಯದಲ್ಲಿ ಮೊದಲೇ ನಿಜವಾಗಿತ್ತು. ಹಿಂದಿನ ಹಂಗಾಮಿನಲ್ಲಿ ನಸುಕಿನ ಅಭ್ಯಾಸಕ್ಕೆ ಹೊರಟವನು, ಟೈರ್ ಸಿಡಿದು ರಸ್ತೆಯಲ್ಲೇ ನಿಂತಿದ್ದ ಟ್ರೇಲರ್‌ಗೆ ಹಿಂದಿನಿಂದ ಹೋಗಿ ಬಡಿದ. ಹಿಂದೆ ದೀಪವಿಲ್ಲ, ಎಚ್ಚರಿಕೆಗೆ ಇಟ್ಟದ್ದು ಎರಡು ಕಲ್ಲು ಮಾತ್ರ. ಹೆಗಲ ಮೂಳೆ ಮುರಿಯಿತು. ಕ್ರೀಡಾ ನಿಲಯದ ಆಯ್ಕೆಗೆ ಆ ವರ್ಷ ಹೋಗಲಾಗಲಿಲ್ಲ, ಮುಂದಿನ ವರ್ಷ ವಯಸ್ಸು ಮೀರಿತ್ತು. ಅವನ ಸೈಕಲ್ ಸಾಲ ಮಾಡಿ ತಂದದ್ದು. ಸೈಕಲ್ ಮಾರಿದರು, ಸಾಲ ತೀರಲಿಲ್ಲ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಬದುಕಿ ಉಳಿದು ನೌಕರಿಯ ದಾರಿ ಕಳೆದುಕೊಂಡ ಇಂಥವರು ಆ ಸಂಖ್ಯೆಯಲ್ಲಿ ಬರುವುದಿಲ್ಲ.

ರೇಸಿನವರದಷ್ಟೇ ಮಾತಲ್ಲ. 2006–07ರಲ್ಲಿ ಶುರುವಾದ ಉಚಿತ ಸೈಕಲ್ ಯೋಜನೆಯಲ್ಲಿ ಎಂಟನೇ ತರಗತಿಯಲ್ಲಿ ನನಗೂ ಒಂದು ಸಿಕ್ಕಿತ್ತು. ನಾನು ಊರು ಬಿಟ್ಟು ಊರು ನೋಡಿದ್ದು ಅದರಲ್ಲೇ. ಕೋವಿಡ್ ಬಂದಾಗ ವಿತರಣೆ ನಿಂತಿತು. ನನ್ನ ತಂಗಿ ಎಂಟನೇ ತರಗತಿಗೆ ಬಂದಾಗ ಸಿಗಲಿಲ್ಲ. ಅವಳು ನನ್ನ ಹಳೆಯ ಸೈಕಲ್ಲನ್ನೇ ತುಳಿದಳು, ಆದರೆ ಕಬ್ಬಿನ ಹಂಗಾಮಿನಲ್ಲಿ ಅವ್ವ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಬಸ್ ಕಾಯುವುದು, ಬಸ್ ತಪ್ಪಿದರೆ ಶಾಲೆ ತಪ್ಪಿಸುವುದು. ಸೈಕಲ್ ಕೊಡುವ ಯೋಜನೆಯ ಬಗ್ಗೆ ಎಷ್ಟೋ ಚರ್ಚೆಯಾಗಿದೆ, ಅದನ್ನು ಓಡಿಸುವ ಜಾಗದ ಬಗ್ಗೆ ನಾನು ಕೇಳಿಲ್ಲ.

ಪ್ರತ್ಯೇಕ ಸೈಕಲ್ ಪಥ ಬೇಕೆಂದು ನಾನು ಕೇಳುವುದಿಲ್ಲ. ಕಬ್ಬಿನ ಹೊಲ ಒತ್ತಿ ಅದನ್ನು ಮಾಡಲು ಯಾವ ರೈತನೂ ಬಿಡುವುದಿಲ್ಲ, ಬಿಡಲೂಬಾರದು. ಬೇಕಿರುವುದು ಡಾಂಬರಿನ ಎರಡೂ ಬದಿಗೆ ಒಂದೊಂದು ಮೀಟರ್ ಗರಸು ಹಾಕಿ, ನೀರು ಹೊಡೆದು, ರೋಲರ್ ಓಡಿಸಿ ಡಾಂಬರಿನ ಮಟ್ಟಕ್ಕೆ ತಂದ ಅಂಚು. ಪ್ರತಿ ಮಳೆಗಾಲದ ನಂತರ, ಕಬ್ಬು ಕಟಾವಿಗೆ ಮೊದಲು ಅದರ ದುರಸ್ತಿ ಆಗಬೇಕು. ಗಟ್ಟಿ ಅಂಚಿದ್ದರೆ ಡಾಂಬರೂ ಬೇಗ ಒಡೆಯುವುದಿಲ್ಲ, ಎದುರು ಬಂದ ಟ್ರ್ಯಾಕ್ಟರ್‌ಗೂ ಒಂದು ಗಾಲಿ ಇಳಿಸಲು ಜಾಗ ಸಿಗುತ್ತದೆ.

ಇದನ್ನು ಈಗಲೇ ಕೇಳಲು ಕಾರಣವಿದೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256ಕ್ಕೆ ಏರಿಸಲು ಭೂಸ್ವಾಧೀನದ ಪರಿಹಾರವನ್ನು ರಾಜ್ಯ ಸಂಪುಟ ಕಳೆದ ಸೆಪ್ಟೆಂಬರ್‌ನಲ್ಲಿ ನಿಗದಿ ಮಾಡಿತು: ಮುಳುಗುವ ನೀರಾವರಿ ಜಮೀನು ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ. ಮುಳುಗುವುದು ಸುಮಾರು 75 ಸಾವಿರ ಎಕರೆ. ನಾವು ನವೆಂಬರ್‌ನಲ್ಲಿ ತುಳಿದ ಹಿನ್ನೀರ ಬದಿಯ ಕೆಲವು ದಾರಿಗಳೂ ಅದರಲ್ಲಿ ಹೋಗಬಹುದು. ಬದಲಿ ರಸ್ತೆಗಳನ್ನು ಸರ್ಕಾರ ಮಾಡಲೇಬೇಕು. ನಕ್ಷೆ ಹಾಕುವಾಗಲೇ ಅಂಚಿಗೆ ಜಾಗ ಬಿಟ್ಟರೆ ಖರ್ಚು ಕಡಿಮೆ. ರಸ್ತೆ ಮುಗಿದ ಮೇಲೆ ಮತ್ತೆ ಅಗಲ ಮಾಡುವ ಕಷ್ಟವನ್ನು ನಮ್ಮ ಭಾಗ ಸಾಕಷ್ಟು ನೋಡಿದೆ. ಪುನರ್ವಸತಿ ಕುರಿತ ಸಭೆಗಳಿಗೆ ನಮ್ಮ ಹಿರಿಯರು ಪರಿಹಾರದ ಮೊತ್ತ ಕೇಳಲು ಹೋಗುತ್ತಾರೆ, ಅದು ಅವರ ಹಕ್ಕು. ಅವರ ಜೊತೆ ಹೋಗಿ ರಸ್ತೆಯ ಅಗಲ ಎಷ್ಟು, ಅಂಚು ಎಷ್ಟು ಎಂದು ಕೇಳುವ ಕೆಲಸವನ್ನು ಬೀಳಗಿ, ಜಮಖಂಡಿಯ ಕಾಲೇಜು ಹುಡುಗರು ಮಾಡಬಹುದು.

ರಿಫ್ಲೆಕ್ಟರ್‌ಗೆ ಸಭೆಯೂ ಬೇಕಿಲ್ಲ. ಖಾಲಿ ಟ್ರೇಲರ್‌ಗೆ ಅಂಟಿಸುವ ಬದಲು ತುಂಬಿದ ಹೊರೆಯ ತುದಿಗೆ ಕೆಂಪು ರೇಡಿಯಂ ಪಟ್ಟಿ ಹೊಲಿದ ಬಟ್ಟೆ ಕಟ್ಟಿದರೆ ಆಯಿತು. ಕಾರ್ಖಾನೆಯಲ್ಲಿ ಕಬ್ಬು ಇಳಿಸಿದ ಮೇಲೆ ಬಿಚ್ಚಿಟ್ಟುಕೊಂಡು ಮತ್ತೆ ಕಟ್ಟಬಹುದು. ಟ್ರೇಲರ್ ಅಳೆದ ದಿನ ನಾವು ಮೂವರು ಅಂಥ ಇಪ್ಪತ್ತು ಬಟ್ಟೆ ಒಯ್ದಿದ್ದೆವು. ನಮ್ಮೂರ ಮಗ್ಗದಲ್ಲಿ ಉಳಿದ ತುಂಡುಗಳು, ಹೊಲಿದದ್ದು ತಂಗಿ. ಬೇಡ ಎಂದವರು ಇಬ್ಬರೇ. ಇಪ್ಪತ್ತನೆಯದನ್ನು ಕಟ್ಟಿಸಿಕೊಂಡ ಚಾಲಕ ಕೆಳಗಿಳಿದು ಬಂದು ಕೇಳಿದ: ‘ಇನ್ನೊಂದು ಐತೇನ್ರಿ? ನನ್ನ ಮಗಾನೂ ಸೈಕಲ್ ಮ್ಯಾಲೇ ಸಾಲಿಗೆ ಹೋಗ್ತಾನ.’ ಮತ್ತೊಂದು ಇರಲಿಲ್ಲ. ನನ್ನ ಸೈಕಲ್ಲಿನ ಹಿಂದಿದ್ದ ಕೆಂಪು ದೀಪವನ್ನೇ ಬಿಚ್ಚಿ ಕೊಟ್ಟು, ಕತ್ತಲಾಗುವ ಮೊದಲು ಮನೆ ಸೇರಿದೆವು.