ಹಳ್ಳಿ ಕರಗಿದ ಮೇಲೆ
ಜಯಲಕ್ಷ್ಮಿಪುರಕ್ಕೆ ಹೊಂದಿಕೊಂಡೇ ಪಡುವಾರಹಳ್ಳಿಯಿದೆ. ಅದಕ್ಕೀಗ ವಿನಾಯಕನಗರವೆಂದು ಹೆಸರು. ಆದರೂ ಆಟೋದವನಿಗೆ ನಾವು ಹೇಳುವುದು ಪಡುವಾರಹಳ್ಳಿಯೆಂದೇ. ಹಳ್ಳಿ ನಗರದಲ್ಲಿ ಕರಗಿದರೂ ಹೆಸರು ಹೇಗೋ ಜನರ ನಾಲಗೆಯ ಮೇಲೆ ಬದುಕಿಕೊಳ್ಳುತ್ತದೆ. ಇಂದು ಕರಗುವ ಹಳ್ಳಿ ಕಳೆದುಕೊಳ್ಳುವುದು ಗ್ರಾಮಸಭೆಯನ್ನು.

1993ರ ಪಂಚಾಯತ್ ರಾಜ್ ಕಾಯಿದೆಯಂತೆ ಊರಿನ ಮತದಾರರೆಲ್ಲರೂ ಗ್ರಾಮಸಭೆಗೆ ಸೇರಿದವರೇ. ನಲ್ಲಿಯಲ್ಲಿ ನೀರೇಕೆ ಬರಲಿಲ್ಲವೆಂದು ಯಾವ ಗೃಹಿಣಿಯೂ ಎದ್ದುನಿಂತು ಕೇಳಬಹುದು. ನಗರದ ವಾರ್ಡ್ ಸಮಿತಿಗಾದರೋ ಸದಸ್ಯರನ್ನು ಪಾಲಿಕೆಯೇ ನೇಮಿಸುತ್ತದೆ.

2007ರಲ್ಲಿ ಏಳು ನಗರಸಭೆಗಳನ್ನೂ ಕೆಂಗೇರಿ ಪುರಸಭೆಯನ್ನೂ 110 ಹಳ್ಳಿಗಳನ್ನೂ ಬೆಂಗಳೂರಿಗೆ ಸೇರಿಸಿದರು. ಹೊಸ ಪಾಲಿಕೆಗೆ ಚುನಾವಣೆ ನಡೆದದ್ದು 2010ರಲ್ಲಿ. ಆ ಹಳ್ಳಿಗಳಿಗೆ ನೀರುಣಿಸಬೇಕಾದ ಕಾವೇರಿ ಐದನೆಯ ಹಂತ ಉದ್ಘಾಟನೆಗೊಂಡದ್ದು 2024ರಲ್ಲಿ. ಕಂದಾಯದ ಚೀಟಿ ಮಾತ್ರ ಅಷ್ಟು ಕಾಲ ಕಾಯಲಿಲ್ಲ! ಜಪಾನಿನಲ್ಲಿಯೂ 1999ರಲ್ಲಿ 3,232 ಇದ್ದ ಸ್ಥಳೀಯ ಸಂಸ್ಥೆಗಳು 2010ಕ್ಕೆ 1,727ಕ್ಕಿಳಿದವು. ಅಲ್ಲಿನ ಹಳ್ಳಿಗಳಲ್ಲಿ ಜನ ಕಡಿಮೆಯಾದರು, ನಮ್ಮಲ್ಲಿ ಹೆಚ್ಚಿದರು. ಊರಿನ ಕಚೇರಿ ದೂರವಾದದ್ದು ಎರಡೂ ಕಡೆ ಒಂದೇ.

2020ರಲ್ಲಿ ಮೈಸೂರಿನ ಸುತ್ತಣ ಪಂಚಾಯಿತಿಗಳು ಹೋಗಿ ಹೂಟಗಳ್ಳಿ ನಗರಸಭೆಯೂ ಬೋಗಾದಿ, ಶ್ರೀರಾಂಪುರ, ಕಡಕೊಳ, ರಮ್ಮನಹಳ್ಳಿ ಪಟ್ಟಣ ಪಂಚಾಯಿತಿಗಳೂ ಆದವು. ಬೆನ್ನಿಗೇ ಬೃಹತ್ ಮೈಸೂರಿನ ಮಾತು ಬಂದಿತು. ನಗರ ಬೆಳೆಯುವುದನ್ನು ತಡೆಯೆಂದು ನಾನು ಹೇಳುತ್ತಿಲ್ಲ. ಆದರೆ ಸೇರಿಸುವ ಆಜ್ಞೆಯಲ್ಲಿಯೇ ಚುನಾವಣೆಯ ದಿನವನ್ನೂ ನೀರು ಬರುವ ವರ್ಷವನ್ನೂ ಬರೆದುಕೊಡಲಿ. ವಾರ್ಡಿನ ಮತದಾರರೆಲ್ಲ ಕೂಡಿ ಲೆಕ್ಕ ಕೇಳುವ ಸಭೆಯೊಂದನ್ನು ಮೊದಲು ಕರೆಯಲಿ.