ಜೊತೆಗೆ ಹೋದೋನೂ ಬೇಟೆಗಾರನೇ ಮಗಾ

1/6
ಅಮೆರಿಕದ ಆ ರೀಲ್ ಎಲ್ಲರೂ ನೋಡಿದೀರ. ಇಬ್ಬರು ಫ್ರೆಂಡ್ಸ್ ಕಾಡಲ್ಲಿ ಟರ್ಕಿಕೋಳಿ ಬೇಟೆಗೆ ಕೂತಿರ್ತಾರೆ. ಒಬ್ಬ ಕೋಳಿ ಥರ ಕೂಗ್ತಾನೆ, ಇನ್ನೊಬ್ಬ ಗುರಿ ಇಡ್ತಾನೆ. ಅದನ್ನ ನೋಡಿ ನಮ್ ಹುಡುಗರ ಪ್ಲಾನು: "ಸಂಡೇ ಮಳವಳ್ಳಿ ಕಡೆ ಕೌಜುಗಕ್ಕೆ ಹೋಗಣ." ನನ್ನನ್ನೂ ಕರೆದ್ರು. ನಾನ್ ಬರಲ್ಲ. ಯಾಕೆ ಅಂತ ಪೂರ್ತಿ ಓದಿ, ಆಮೇಲೆ ಬೈರಿ.

2/6
"ಅಲ್ಲಿ ನಡೆಯುತ್ತೆ, ಇಲ್ಯಾಕೆ ಬ್ಯಾಡ?" ಅಲ್ಲೂ ಬೇಕಾಬಿಟ್ಟಿ ಹೊಡೆದು, 1930ರ ದಶಕದ ಹೊತ್ತಿಗೆ ಎಷ್ಟೋ ರಾಜ್ಯಗಳಲ್ಲಿ ಟರ್ಕಿಕೋಳಿನೇ ಇರಲಿಲ್ಲ. 1937ರ ಕಾನೂನಿಂದ ಬಂದೂಕು-ತೋಟಾ ಮೇಲಿನ ತೆರಿಗೆ ವನ್ಯಜೀವಿಗಳಿಗೆ ಹೋಗೋ ಹಂಗಾಯ್ತು. ಉಳಿದಿದ್ದ ಕೋಳಿ ಹಿಡಿದು ಖಾಲಿ ಕಾಡಿಗೆ ಬಿಟ್ರು. ಈಗ ಲೈಸೆನ್ಸ್ ಬೇಕು, ಸೀಸನ್ ಇದೆ, ಒಬ್ಬನಿಗೆ ಇಷ್ಟೇ ಅನ್ನೋ ಲೆಕ್ಕ ಇದೆ. ನಾವು ಕಾಪಿ ಹೊಡೀತಿರೋದು ಗುಂಡು ಹಾರಿಸೋ ಹತ್ತು ಸೆಕೆಂಡು ಮಾತ್ರ.

3/6
ಇನ್ನು ಕೌಜುಗ. ನೆಲದ ಮೇಲೇ ಮೊಟ್ಟೆ ಇಡೋ ಹಕ್ಕಿ. ಗೆದ್ದಲು, ಹುಳ, ಕಾಳು ತಿನ್ಕೊಂಡು ಬದು, ಬೇಲಿ, ಕುರುಚಲು ಪೊದೆಯಲ್ಲಿ ಬದುಕುತ್ತೆ. ನಾಲೆ ನೀರು ಬಂದ ಕಡೆಯೆಲ್ಲ ಕಬ್ಬು, ಭತ್ತ. ಪೊದೆ ಉಳಿದಿರೋದೇ ಅಲ್ಲೊಂದಿಷ್ಟು ಇಲ್ಲೊಂದಿಷ್ಟು. ಅಲ್ಲಿ ಬ್ಲೂಟೂತ್ ಸ್ಪೀಕರ್ ಇಟ್ಟು ಅದರದೇ ಕೂಗು ಹಾಕ್ತೀರ. ಯಾವನೋ ನನ್ ಜಾಗಕ್ಕೆ ನುಗ್ಗಿದ ಅಂತ ಗಂಡು ಜಗಳಕ್ಕೆ ಓಡಿ ಬರುತ್ತೆ, ಉರುಳಿಗೆ ಬೀಳುತ್ತೆ. ತನ್ನ ಮನೆ ಕಾಯೋಕೆ ಬಂದಿದ್ದನ್ನ ಹಿಡಿಯೋದ್ರಲ್ಲಿ ಯಾವ ಗಂಡಸ್ತನ ಮಚ್ಚಾ?

4/6
"ನಾನ್ ಬರೀ ವಿಡಿಯೋ ಮಾಡ್ದೆ ಕಣೋ." ನಡೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉರುಳು ಹಾಕೋದೂ ಬೇಟೆ, ಮೊಟ್ಟೆ ತೆಗೆಯೋದೂ ಬೇಟೆ. ಕಲಂ 52ರ ಪ್ರಕಾರ ಕುಮ್ಮಕ್ಕು ಕೊಟ್ಟೋನಿಗೂ ಅದೇ ಅಪರಾಧ. ಬಿದ್ದಿದ್ದು ನವಿಲಾದ್ರೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಜೈಲು. ಹೋಗೋಕೆ ಬಳಸಿದ ಗಾಡಿನೂ ಜಪ್ತಿ ಆಗ್ಬೋದು. ಅಪ್ಪ ಸಾಲ ಮಾಡಿ ಕೊಡಿಸಿರೋ ಬೈಕು ಅದು, ನೆನಪಿರಲಿ.

5/6
"ನಮ್ ತಾತನೂ ಶಿಕಾರಿ ಆಡ್ತಿದ್ದ." ಆಡಿರ್ಬೋದು. ತಾತನ ಕಾಲದ ಪೊದೆ ಎಲ್ಲಿದೆ, ತೋರಿಸು. "ತೇಜಸ್ವಿನೂ ಕೋವಿ ಹಿಡಿದಿದ್ರು." ಹೌದು, ಅದೇ ಕೈಯಲ್ಲಿ ಆಮೇಲೆ ಕ್ಯಾಮೆರಾ ಹಿಡಿದು ಹಕ್ಕಿಗಳ ಪುಸ್ತಕ ಮಾಡಿದ್ರು. ಅರ್ಧ ತೇಜಸ್ವಿ ಮಾತ್ರ ನಿನಗೆ ಬೇಕಾ?

6/6
ನಮ್ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನೋಡಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ತವೆ. ಹುಣಸೆ ಫಸಲು ಹಾಳಾದ್ರೂ ಜನ ಕಲ್ಲು ಬೀರಲ್ಲ. ತವರಿಗೆ ಬಾಣಂತನಕ್ಕೆ ಬಂದ ಮಗಳು ಅಂತಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶ ಆಯ್ತು. ಗನ್ ಹಿಡಿದು ಕಾದವರಲ್ಲ, ಊರಿನವರೇ ಉಳಿಸಿದ್ದು.

ಒಬ್ಬನೇ ಶಿಕಾರಿಗೆ ಹೋಗೋರು ಕಮ್ಮಿ. ಬೈಕ್ ಓಡಿಸೋಕೆ, ಟಾರ್ಚ್ ಹಿಡಿಯೋಕೆ, ನೋಡಿ ಭೇಷ್ ಅನ್ನೋಕೆ ಒಬ್ಬ ಬೇಕೇ ಬೇಕು. ಆ ಒಬ್ಬ ನೀನಾಗ್ಬೇಡ. "ಪುಕ್ಕಲ" ಅಂದ್ರೆ ಅನ್ಲಿ ಬುಡು. ಸಂಡೇ ಬೆಳಗ್ಗೆ ಆರಕ್ಕೆ ನಾನು ಬೆಳ್ಳೂರಿಗೆ ಹೊರಟಿದೀನಿ, ಹಿಂದಿನ ಸೀಟು ಖಾಲಿ ಇದೆ. ಸಂಡೇ ಪ್ಲಾನ್ ಹಾಕಿರೋನ್ನ ಕೆಳಗೆ ಟ್ಯಾಗ್ ಮಾಡಿ.

#ಮಂಡ್ಯ #ಮದ್ದೂರು #ಮಳವಳ್ಳಿ #ಕೌಜುಗ