ಮನೆ ಬಿಟ್ಟರೂ ಕಂದಾಯ ಬಿಡದು

ನಮ್ಮದು ಚಳ್ಳಕೆರೆ ಕಡೆಯ ಮಳೆ ನಂಬಿದ ಐದು ಎಕರೆ ಹೊಲ. ಶೇಂಗಾ, ತೊಗರಿ, ಮನೆಗಾಗುವಷ್ಟು ಸಜ್ಜೆ. 2013ರಲ್ಲಿ ಊರೊಳಗಿನ ಹಳೇ ಮಾಳಿಗೆ ಮನೆ ಬಿಟ್ಟು ಹೊಲದಲ್ಲೇ ಶೀಟಿನ ಮನೆ ಕಟ್ಟಿಕೊಂಡೆವು. ಕಾಳಿನ ಚೀಲ, ದನಕರು, ದೇವರ ಪಟ ಎಲ್ಲಾ ಗಾಡಿಯಲ್ಲಿ ಬಂದವು. ಕಾಗದಪತ್ರ ಮಾತ್ರ ಊರಲ್ಲೇ ಉಳೀತು.

ಹೊಲದ ಮನೆಗೂ ಪಂಚಾಯ್ತಿಯವರು ನಂಬರು ಕೊಟ್ಟರು. ವರ್ಷಾ ವರ್ಷಾ ಕಂದಾಯ ಕಟ್ಟಿದೆ. ಹೊಸದಕ್ಕೆ ಕಟ್ಟಿದ ಮೇಲೆ ಹಳೇದು ತಾನಾಗೇ ರದ್ದಾಗಿರುತ್ತೆ ಅಂತ ನನ್ನ ಲೆಕ್ಕ. 2017ರ ಮಳೆಗೆ ಹಳೇ ಮನೆಯ ಹಿಂದಿನ ಗೋಡೆ ಕುಸೀತು, ಮುಂದಿನ ವರ್ಷ ಮಾಳಿಗೆಯೂ ಬಿತ್ತು.

2024ರಲ್ಲಿ ಮಗನಿಗೆ ಆ ಜಾಗದಲ್ಲೇ ಮನೆ ಕಟ್ಟಿಕೊಡೋಣ ಅಂತ ಇ-ಸ್ವತ್ತಿನ ನಮೂನೆ 9 ಕೇಳಲು ಪಂಚಾಯ್ತಿಗೆ ಹೋದೆ.

"ಯಜಮಾನ್ರೇ, ಹನ್ನೊಂದು ವರ್ಷದ ಬಾಕಿ ಐತಲ್ಲ. ಮೊದಲು ಅದನ್ನ ಕಟ್ಟಿ" ಅಂದರು.

"ಮನೆನೇ ಇಲ್ಲವಲ್ಲ ಸ್ವಾಮಿ, ಬಿದ್ದು ಆರೇಳು ವರ್ಷ ಆಯ್ತು."

"ಬಿದ್ದದ್ದು ನಮಗೆ ಬರೆದು ಕೊಟ್ಟಿದ್ದೀರಾ?"

ಕೊಟ್ಟಿರಲಿಲ್ಲ. ನಲ್ಲಿ ಕಡಿತ ಮಾಡಿ ಅಂತಲೂ ಬರೆದಿರಲಿಲ್ಲ. ತೊಟ್ಟು ನೀರು ಹಿಡಿಯದ ನಲ್ಲಿಗೆ ತಿಂಗಳಿಗೆ 40 ರೂಪಾಯಿಯಂತೆ ಏರಿತ್ತು. ಎಲ್ಲಾ ಸೇರಿ 9,020 ರೂಪಾಯಿ. ಒಂದು ಟಗರು ಮಾರಿ ಕಟ್ಟಿದೆ. ಆಮೇಲೆ ನೋಡಿದರೆ ಖಾತೆ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇತ್ತು. ಮರಣ ಪತ್ರ, ವಂಶವೃಕ್ಷ, ಅಣ್ಣನ ಒಪ್ಪಿಗೆ ಅಂತ ಮತ್ತೆ ನಾಲ್ಕು ತಿಂಗಳು ಓಡಾಟ. ಮಗನ ಮನೆಗೆ ಆ ವರ್ಷ ಪಾಯ ಬೀಳಲಿಲ್ಲ.

ತಪ್ಪು ಅರ್ಧ ನನ್ನದು, ಒಪ್ಪುತ್ತೇನೆ. ಇನ್ನರ್ಧ? ಬಿಲ್ ಕಲೆಕ್ಟರು ವರ್ಷಾ ವರ್ಷಾ ಅದೇ ಬೀದಿಯಲ್ಲಿ ಓಡಾಡಿದವರು. ಬಿದ್ದ ಗೋಡೆ ಅವರ ಕಣ್ಣಿಗೆ ಬೀಳಲಿಲ್ಲ, ಬಾಕಿ ಮಾತ್ರ ಪುಸ್ತಕದಲ್ಲಿ ಬೆಳೀತು. ಬೇಡಿಕೆ ಪಟ್ಟಿ ಬರೆಯುವ ಮುಂಚೆ ವಾರ್ಡ್ ಸಭೆಯಲ್ಲಿ ಅದನ್ನು ಓದಿ ಹೇಳಬೇಕು. ಯಾವ ಮನೆ ಬಿತ್ತು, ಯಾರು ಊರು ಬಿಟ್ಟರು ಅಂತ ಜನವೇ ಹೇಳುತ್ತಾರೆ. ಇದಕ್ಕೆ ಕಾಸು ಖರ್ಚಿಲ್ಲ.

ಕಂದಾಯವನ್ನೇ ಕಟ್ಟಬಾರದು ಅನ್ನುವವರ ಜೊತೆ ನಾನಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಕಲಮಿನಂತೆ ಕಟ್ಟಡದ ಮೇಲೂ ಕೃಷಿ ಕಂದಾಯಕ್ಕೆ ಸೇರದ ಜಾಗದ ಮೇಲೂ ತೆರಿಗೆ ಹಾಕುವುದು ಪಂಚಾಯ್ತಿಯ ಹಕ್ಕು. ಅದು ಅದರ ಸ್ವಂತ ಆದಾಯ. ಬೀದಿ ದೀಪ ಉರಿಯಬೇಕು, ನೀರು ಬಿಡುವವನಿಗೆ ಸಂಬಳ ಆಗಬೇಕು. ಆದರೆ ಇಲ್ಲದ ಮನೆಗೆ, ಬಾರದ ನೀರಿಗೆ ವಸೂಲಿ ಮಾಡೋದು ನ್ಯಾಯ ಅಲ್ಲ.

ಮನೆ ಬದಲಿಸುವ ರೈತರು ನನ್ನಂತೆ ಮೋಸ ಹೋಗಬೇಡಿ. ಪಂಚಾಯ್ತಿ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತೆ. ಅಲ್ಲಿಯವರೆಗಿನದನ್ನು ಕಟ್ಟಿ ರಸೀದಿ ಇಟ್ಟುಕೊಳ್ಳಿ. ನಲ್ಲಿ ಕಡಿತಕ್ಕೆ ಬೇರೆ ಅರ್ಜಿ ಕೊಡಿ. ಮನೆ ಬಿದ್ದರೆ ಬರೆದು ಕೊಟ್ಟು, ನಕಲಿನ ಮೇಲೆ ಸೀಲು ಸಹಿ ಹಾಕಿಸಿಕೊಳ್ಳಿ. ಗೋಡೆ ಬಿದ್ದರೂ ಜಾಗ ಇರುತ್ತೆ, ಖಾಲಿ ಜಾಗದ ತೆರಿಗೆ ತಪ್ಪದೆ ಕಟ್ಟಿ. ಹಿರಿಯರು ತೀರಿದ ವರ್ಷವೇ ಖಾತೆ ಬದಲಿಸಿ. ಹಳೇ ಮನೆ ಕೊಳ್ಳುವವರು ಬಾಕಿ ಇಲ್ಲವೆಂಬ ಪತ್ರ ನೋಡದೆ ಮುಂಗಡ ಕೊಡಬೇಡಿ. ಕಂದಾಯದ ರಸೀದಿ ಒಂದರಿಂದಲೇ ಮಾಲೀಕತ್ವ ಬರಲ್ಲ, ಅದೂ ನೆನಪಿರಲಿ.

ನಾನು ಓದಿದ್ದು ಏಳನೇ ಕ್ಲಾಸು. ಕೂರಿಗೆ ಹಿಡಿಯೋ ಕೈಗೆ ಅರ್ಜಿ ಬರೆಯೋದು ಕಷ್ಟವೇ. ಆದರೂ ಅವತ್ತು ನಾಲ್ಕು ಸಾಲು ಬರೆದಿದ್ದರೆ ನನ್ನ ಟಗರು ಹಟ್ಟಿಯಲ್ಲೇ ಇರುತ್ತಿತ್ತು.